ತಾಯಿ ಕಾರ್ಡ್ ಓದಿಕೊಳ್ಳೋಣ
(ಸಂಘದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾ ಸಂಘದ ವೇದಿಕೆಯಲ್ಲಿ ಹೆರಿಗೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ವಿದ್ಯಾ ಸಂಸ್ಥೆಯನ್ನು ಕಟ್ಟಿದ ಮುಮ್ತಾಜ್ ಅಹ್ಮದ್ ಖಾನ್ ಸಾಹೇಬರೂ ವೃತ್ತಿಯಿಂದ ವೈದ್ಯರೇ ಆಗಿದ್ದರು. ನನ್ನ ಕಾರಣ ಮಾತ್ರ ಅದಕ್ಕಿಂತ ಸಣ್ಣದು. ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಕನ್ನಡ ಪುಸ್ತಕದೊಳಗೆ ಅಮ್ಮನ ತಾಯಿ ಕಾರ್ಡ್ ಇಟ್ಟುಕೊಂಡು ಬಂದು, "ಟೀಚರ್, ಅಮ್ಮಿ ಇದರಲ್ಲಿ ಏನು ಬರೆದಿದೆ ಕೇಳಿಕೊಂಡು ಬಾ ಅಂದರು" ಎಂದಳು. ಅಮ್ಮಿ ಓದಿದ್ದು ಉರ್ದು. ಕಾರ್ಡ್ ಇದ್ದದ್ದು ಕನ್ನಡದಲ್ಲಿ. ಹುಡುಗಿಗೆ ಅಕ್ಷರ ಬರುತ್ತಿತ್ತು, ಆದರೆ 'ರಕ್ತಹೀನತೆ' ಎಂದರೆ ಏನೆಂದು ತಿಳಿದಿರಲಿಲ್ಲ. ಹಿಮೋಗ್ಲೋಬಿನ್ ಎಂಬಲ್ಲಿ 8 ಎಂದು ಬರೆದಿತ್ತು.

ಸಂಜೆ ಅವರ ಮನೆಗೆ ಹೋದೆ. ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆಗಳೆಲ್ಲ ಡಬ್ಬಿಯಲ್ಲಿ ಹಾಗೇ ಇದ್ದವು. ತಿಂದರೆ ಮಗು ಕಪ್ಪಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಮಗು ಕಪ್ಪಾಗುವುದಿಲ್ಲ, ಮಲ ಕಪ್ಪಾಗುತ್ತದೆ, ಅಷ್ಟೇ. ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ; 7ಕ್ಕಿಂತ ಕೆಳಗೆ ಇಳಿದರೆ ಅಪಾಯ. ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ ಕನಿಷ್ಠ 180 ದಿನ ಮಾತ್ರೆ ನುಂಗಬೇಕು, ಅದೂ ಚಹಾದ ಜೊತೆಗಲ್ಲ. ನಮ್ಮ ಮನೆಗಳಲ್ಲಿ ಚಹಾ ಎಷ್ಟು ಸಲ ಆಗುತ್ತದೆ ಎಂಬುದು ನಿಮಗೇ ಗೊತ್ತು! ರಂಜಾನಿನಲ್ಲಿ ಸುಸ್ತಾಗಿ ಬಿದ್ದರೂ ರೋಜಾ ಬಿಡದ ಗರ್ಭಿಣಿಯರನ್ನು ಕಂಡಿದ್ದೇನೆ. ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಬಿಟ್ಟು, ಆಮೇಲೆ ಪೂರೈಸಲು ನಮ್ಮ ದೀನಿನಲ್ಲೇ ಅವಕಾಶವಿದೆ.

ಕಾರ್ಡಿನ ವಿಷಯಕ್ಕೆ ಬರುತ್ತೇನೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ತುಂಬು ಗರ್ಭಿಣಿಯೊಬ್ಬರು ಜಿಲ್ಲಾ ಆಸ್ಪತ್ರೆಗೆ ಹೋದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ದಾಖಲಿಸಿಕೊಳ್ಳದೆ ಕಳುಹಿಸಿದರೆಂಬ ದೂರು. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಅವಳಿ ಮಕ್ಕಳೂ ತೀರಿಕೊಂಡರು. ತುರ್ತು ಸಂದರ್ಭದಲ್ಲಿ ಯಾವ ದಾಖಲೆಯನ್ನೂ ಕೇಳಬಾರದೆಂದು ಸರಕಾರ ಆಮೇಲೆ ಸ್ಪಷ್ಟವಾಗಿ ಹೇಳಿತು. ಆದ್ದರಿಂದ ಎರಡು ಮಾತನ್ನೂ ನೆನಪಿಡಿ. ಕಾರ್ಡನ್ನು ಮೂರು ತಿಂಗಳೊಳಗೇ ಆಶಾ ಕಾರ್ಯಕರ್ತೆಯ ಬಳಿ ಅಥವಾ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ. ಆದರೆ ನೋವು ಶುರುವಾದಾಗ ಕಾರ್ಡ್ ಸಿಗಲಿಲ್ಲವೆಂದು ಮನೆಯಲ್ಲಿ ಹುಡುಕುತ್ತಾ ಕೂರಬೇಡಿ. ಬಾಗಿಲಲ್ಲಿ ಯಾರಾದರೂ ತಡೆದರೆ, ತುರ್ತಿಗೆ ಕಾಗದ ಬೇಡವೆಂಬ ಆದೇಶ ಇದೆ ಎಂದು ಧೈರ್ಯವಾಗಿ ಹೇಳಿ.

ಎಲ್ಲಿಗೆ ಹೋಗಬೇಕು? ಜ್ವರ, ಬಿ.ಪಿ., ಸಕ್ಕರೆ ಪರೀಕ್ಷೆ ಇಂಥವಕ್ಕೆ ನಗರ ಆರೋಗ್ಯ ಕೇಂದ್ರವಿದೆ. ಊರಲ್ಲಿ ನಮ್ಮ ಕ್ಲಿನಿಕ್‌ಗಳೂ ಬಂದಿವೆ. ಆದರೆ ನಮ್ಮ ಕ್ಲಿನಿಕ್‌ನಲ್ಲಿ ಹೆರಿಗೆ ಆಗುವುದಿಲ್ಲ. ಇದು ಗೊತ್ತಿಲ್ಲದೆ ಅಲ್ಲಿಗೇ ಓಡಿಹೋದವರಿದ್ದಾರೆ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಕಷ್ಟದ ಹೆರಿಗೆಯಾದರೆ ನಮಗೆ ದೊಡ್ಡ ಆಸರೆ 1935ರಿಂದ ಇರುವ ವಾಣಿವಿಲಾಸ ಆಸ್ಪತ್ರೆ. ಮಲ್ಲತ್ತಹಳ್ಳಿಯಿಂದ ಕೆ.ಆರ್. ಮಾರ್ಕೆಟ್ ಸುಮಾರು ಹತ್ತು ಕಿಲೋಮೀಟರ್; ಸಂಜೆಯ ಮೈಸೂರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ತಪಾಸಣೆಗಾದರೆ ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೋಗಬಹುದು. ನೋವು ಬಂದಾಗ ಅದಾಗದು. ಯಾವ ಆಸ್ಪತ್ರೆ, ಯಾರ ಆಟೋ, ಜೊತೆಗೆ ಯಾರು ಎಂಬುದನ್ನು ಎಂಟನೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಬೇಕು. 108ಕ್ಕೆ ಫೋನ್ ಮಾಡುವುದು ಮನೆಯ ಮಕ್ಕಳಿಗೂ ಗೊತ್ತಿರಬೇಕು.

ಇಲ್ಲಿ ಗಂಡಸರಿಗೂ ಒಂದು ಮಾತು. "ಅವರು ಕೆಲಸದಿಂದ ಬರಲಿ, ಆಮೇಲೆ ಹೋಗೋಣ" ಎಂದು ರಕ್ತಸ್ರಾವವಾಗುತ್ತಿದ್ದರೂ ಕಾದು ಕುಳಿತ ಒಬ್ಬ ತಂಗಿಯನ್ನು ನಾನು ಬಲ್ಲೆ. ಅಲ್ಲಾಹನ ದಯೆಯಿಂದ ಆಕೆ ಉಳಿದಳು, ಮಗು ಉಳಿಯಲಿಲ್ಲ. ಹೋಗಲು ನಿಮ್ಮ ಅನುಮತಿಯನ್ನು ಇವತ್ತೇ ಕೊಟ್ಟುಬಿಡಿ, ಭಾಯಿ. ರಕ್ತಸ್ರಾವ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವು ಕಾಯುವ ಲಕ್ಷಣಗಳಲ್ಲ.

ಖರ್ಚಿನ ಭಯಕ್ಕೆ: ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಔಷಧ, ರಕ್ತ, ಊಟ ಎಲ್ಲವೂ ಉಚಿತವೆಂದು 2011ರಲ್ಲೇ ಯೋಜನೆ ಬಂದಿದೆ. ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿಯಲ್ಲಿ ಕೇಳಿ, ನಾಚಿಕೆ ಬೇಡ.

ಕೊನೆಗೆ ಟೀಚರ್ ಆಗಿ ನನ್ನದೇ ಒಂದು ಗೋಳು. ದಾಖಲಾತಿಗೆ ಬರುವ ಮಕ್ಕಳಲ್ಲಿ ಒಬ್ಬಳ ಹೆಸರು ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಫಾತಿಮಾ, ಫಾತೀಮ, ಪಾತಿಮಾ! ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅವಸರದಲ್ಲಿ ಬಾಯಿಮಾತಿನಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಕಾರ್ಡ್ ತಂದಿರುವವರು ಚಹಾದ ನಂತರ ಹಿಂದಿನ ಬೆಂಚಿನ ಹತ್ತಿರ ಬನ್ನಿ. ನಮ್ಮ ಶಾಲೆಯ ನಾಲ್ಕು ಹುಡುಗಿಯರು ಇದ್ದಾರೆ. ಅವರು ಕನ್ನಡದಲ್ಲಿ ಓದುತ್ತಾರೆ, ನಾನು ಉರ್ದುವಿನಲ್ಲಿ ಹೇಳುತ್ತೇನೆ.