ಮನೆ ಕೊಂಡೆ, ಮನೈ ಕೊಳ್ಳಲಿಲ್ಲ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಸ್ಥಳದಲ್ಲಿ ನಿಂತು ವಿದ್ವಾಂಸರು ಕುಮಾರವ್ಯಾಸನನ್ನು ಕುರಿತು ಮಾತನಾಡಿದ್ದನ್ನು ತಾವು ಕೇಳಿದ್ದೀರಿ. ನಾನು ಕುರ್ಚಿ ಹಾಕಿ, ಪತ್ರಿಕೆಗಳಿಗೆ ದಾರ ಕಟ್ಟಿ, ಹಿಂದೆ ನಿಲ್ಲುವವನು. ಗಿರಣಿಯ ಗುಮಾಸ್ತ, ಮೆಟ್ರಿಕ್‌ವರೆಗೆ ಓದಿದವನು. ಕಾರ್ಯದರ್ಶಿಗಳು "ನಿನ್ನ ಮನೆಯ ಕಥೆಯನ್ನೇ ಹೇಳಯ್ಯಾ, ನಾಲ್ಕು ಜನಕ್ಕೆ ಉಪಯೋಗವಾದೀತು" ಎಂದು ಬಲವಂತ ಮಾಡಿದ್ದರಿಂದ ಧೈರ್ಯ ಮಾಡಿದ್ದೇನೆ.

ಎರಡು ವರ್ಷದ ಹಿಂದೆ ಇದೇ ಸೌಕಾರ್‌ಪೇಟೆಯಲ್ಲಿ, ತಂಗಸಾಲೆ ಬೀದಿಯಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ, ಹಳೆಯ ಮನೆಯೊಂದರ ಹಿಂಭಾಗವನ್ನು ಕೊಂಡೆ. ಎರಡು ಕೋಣೆ, ಒಂದು ಅಡಿಗೆಮನೆ, ಅರ್ಧ ಅಂಗಳ, ಬಾವಿಯಲ್ಲಿ ಪಾಲು. ಭವಿಷ್ಯನಿಧಿಯಿಂದ ತೆಗೆದದ್ದು, ಅಣ್ಣ ಕೊಟ್ಟದ್ದು, ಮನೆಯವಳ ಬಳೆ ಅಡವಿಟ್ಟದ್ದು—ಎಲ್ಲವೂ ಅದರಲ್ಲಿ ಹೋಯಿತು. (ಅಡವಿಡಲು ಸೌಕಾರ್‌ಪೇಟೆಯವರು ದೂರ ಹೋಗಬೇಕಾಗಿಲ್ಲವಷ್ಟೆ.) ಬೀದಿಯ ಉಳಿದ ಮನೆಗಳಿಗಿಂತ ಬೆಲೆ ಬಹಳ ಕಡಿಮೆಯಿತ್ತು. ಏಕೆಂದು ನಾನು ಕೇಳಲಿಲ್ಲ. ಮೊದಲು ಸಾಲಕ್ಕೆಂದು ಒಂದು ಬ್ಯಾಂಕಿಗೆ ಹೋಗಿದ್ದೆ. ಕಾಗದ ನೋಡಿ "ಇದಕ್ಕೆ ಸಾಲ ಆಗುವುದಿಲ್ಲ" ಎಂದರು. ಗುಮಾಸ್ತನೆಂದು ತಾತ್ಸಾರ ಮಾಡಿದರೆಂದುಕೊಂಡು ಸಿಟ್ಟಿನಿಂದ ಹೊರಬಂದೆ. ಅಲ್ಲಿಯೇ ಒಂದು ನಿಮಿಷ ಕುಳಿತು ಏಕೆಂದು ಕೇಳಿದ್ದರೆ ಈ ಭಾಷಣವೇ ಇರುತ್ತಿರಲಿಲ್ಲ.

ನಮ್ಮಲ್ಲಿ ಬಹುಮಂದಿ ತಮಿಳನ್ನು ನೀರು ಕುಡಿದಂತೆ ಆಡುತ್ತೇವೆ. ಓದುವುದು ಮಾತ್ರ ಬಸ್ಸಿನ ಬೋರ್ಡಿನಷ್ಟು. ನೋಂದಣಿಯ ದಿನ ಪತ್ರ ಬರೆಯುವವರು ಕ್ರಯಪತ್ರವನ್ನು ಗಡಗಡನೆ ಓದಿದರು. ಅದರಲ್ಲಿ "ಅಡಿಮನೈ ನೀಂಗಲಾಗ, ಮೇರ್ಕಟ್ಟಡಂ ಮಟ್ಟುಂ" ಎಂದು ಒಂದು ಕಡೆ ಬಂತು. "ಮನೈ" ಎಂಬ ಶಬ್ದ ಕಿವಿಗೆ ಬಿದ್ದೊಡನೆ, ಮನೆ ನಮ್ಮದಾಯಿತೆಂದು ಸಂತೋಷಪಟ್ಟು ರುಜು ಮಾಡಿದೆ.

ಬಂಧುಗಳೇ, ಕನ್ನಡದ ಮನೆ ಬೇರೆ, ತಮಿಳಿನ ಮನೈ ಬೇರೆ. ನಾವು ಮನೆ ಎನ್ನುವುದನ್ನು ಅವರು ವೀಡು ಎನ್ನುತ್ತಾರೆ. ಪತ್ರಗಳಲ್ಲಿ ಅವರ ಮನೈ ಎಂದರೆ ನಿವೇಶನ, ನೆಲ. "ನೀಂಗಲಾಗ" ಎಂಬುದು ನಮ್ಮ "ನೀಗು" ಎಂಬುದರ ನೆಂಟನಿರಬೇಕು; ಹೊರತಾಗಿ ಎಂದು ಅರ್ಥ. ನೆಲವನ್ನು ಬಿಟ್ಟು, ಮೇಲಿನ ಕಟ್ಟಡ ಮಾತ್ರ—ಇಷ್ಟನ್ನು ನಾನು ಕೊಂಡಿದ್ದೆ.

ಇದು ತಿಳಿದದ್ದು ಮೂರು ತಿಂಗಳ ಮೇಲೆ. ಹಳೆಯ ಮಾಲಿಕರ ಹೆಸರಿಗೆ ಒಂದು ದೇವಸ್ಥಾನದ ಕಚೇರಿಯಿಂದ ಕಾಗದ ಬಂತು: ನೆಲಬಾಡಿಗೆ ಇಷ್ಟು ವರ್ಷದ್ದು ಬಾಕಿ, ಕಟ್ಟತಕ್ಕದ್ದು. ತಪ್ಪಿ ಬಂದಿದೆಯೆಂದು ಹಿಂದಿರುಗಿಸಲು ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು. ದೊಡ್ಡ ರಿಜಿಸ್ಟರನ್ನು ತೆರೆದು ನಮ್ಮ ಸಂದಿಯ ಬಾಗಿಲ ಸಂಖ್ಯೆಗೆ ಬೆರಳಿಟ್ಟು ತೋರಿಸಿದರು. ಮನೆಗೆ ಬಂದು ಎರಡು ದಿನ ಮನೆಯವಳಿಗೆ ಹೇಳಲಿಲ್ಲ. ಮೂರನೆಯ ದಿನ ಅವಳೇ "ಊಟ ಏಕೆ ಸೇರುತ್ತಿಲ್ಲ?" ಎಂದು ಕೇಳಿದಳು.

ನಮ್ಮ ಸದಸ್ಯರಾದ ವಕೀಲರೊಬ್ಬರ ಬಳಿಗೆ ಹೋದೆ. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಅರಿಕೆ ಮಾಡುತ್ತೇನೆ. ಈ ಪಟ್ಟಣದಲ್ಲಿ ಒಬ್ಬರ ನೆಲದ ಮೇಲೆ ಇನ್ನೊಬ್ಬರು ಕಟ್ಟಡ ಕಟ್ಟುವುದು ಹಳೆಯ ಪದ್ಧತಿ. ಬಾಡಿಗೆ ಸರಿಯಾಗಿ ಕೊಡುವವರೆಗೆ ಏಳಿಸುವುದಿಲ್ಲವೆಂಬ ನಂಬಿಕೆಯಿಂದ ಕಟ್ಟಿದರು. ನೆಲದವರು ಏಳಿಸಲು ಹೊರಟಾಗ 1921ರ ಮದರಾಸು ನಗರದ ಒಕ್ಕಲು ರಕ್ಷಣಾ ಕಾನೂನು ಬಂತು. ಏಳಿಸುವುದಾದರೆ ಕಟ್ಟಡದ ಬೆಲೆ ಕೊಡಬೇಕು. ಇಲ್ಲವೇ ಬಾಡಿಗೆದಾರನು ನೆಲವನ್ನು ತನಗೇ ಮಾರಿಸಿಕೊಡಿರೆಂದು ನ್ಯಾಯಾಲಯವನ್ನು ಕೇಳಬಹುದು. ಇದನ್ನು ಕೇಳಿ ನನಗೆ ಜೀವ ಬಂದಂತಾಯಿತು. ವಕೀಲರು "ತಡೆಯಿರಿ" ಎಂದರು. 1996ರ ತಿದ್ದುಪಡಿಯಿಂದ ದೇವಸ್ಥಾನ, ಮಸೀದಿ, ಚರ್ಚು ಮೊದಲಾದ ಧಾರ್ಮಿಕ ಸಂಸ್ಥೆಗಳ ನೆಲಕ್ಕೆ ಆ ಕಾನೂನು ಅನ್ವಯಿಸದು. ಮೈಲಾಪೂರ್ ಕ್ಲಬ್ಬಿನವರ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ದೇವರ ಆಸ್ತಿ ಉಳಿಯಬೇಕೆಂಬುದೂ ನ್ಯಾಯವೇ. ಅದರ ಮೇಲೆ ನಾನು ಕುಳಿತಿದ್ದೇನೆಂಬುದಷ್ಟೇ ನನ್ನ ತೊಂದರೆ.

"ಮಾರಿದವರು ಮುಚ್ಚಿಟ್ಟರಲ್ಲ, ದಾವೆ ಹಾಕೋಣವೆ?" ಎಂದೆ. 1882ರ ಸ್ವತ್ತು ವರ್ಗಾವಣೆ ಕಾನೂನಿನ ಪ್ರಕಾರ, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ದೋಷವನ್ನು ಮಾರುವವನು ತಿಳಿಸಬೇಕು. "ನಿಮ್ಮದು ಪತ್ರದಲ್ಲಿಯೇ ಬರೆದಿದೆ, ನೀವೇ ರುಜು ಮಾಡಿದ್ದೀರಿ, ಮುಚ್ಚಿಟ್ಟರೆಂದು ಹೇಗೆ ಹೇಳುವುದು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಾನೇನೂ ನೋಡದೆ ಕೊಂಡವನಲ್ಲ. 30 ವರ್ಷದ ವಿಲ್ಲಂಗ ಸರ್ಟಿಫಿಕೇಟು ತೆಗೆಸಿದ್ದೆ, ಸ್ವಚ್ಛವಾಗಿತ್ತು. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಬರುತ್ತದೆ. ಕಟ್ಟಡ ಕೈಯಿಂದ ಕೈಗೆ ಹೋದದ್ದು ಬಂದಿತ್ತು, ನೆಲ ಯಾರೂ ಮಾರದೆ ಇದ್ದಲ್ಲೇ ಇತ್ತು. ಕಾರ್ಪೊರೇಷನ್ ತೆರಿಗೆಯ ರಸೀತಿಯೂ ಸರಿಯಾಗಿತ್ತು. ತೆರಿಗೆ ಕಟ್ಟಿದ ಮಾತ್ರಕ್ಕೆ ನೆಲ ನಮ್ಮದಾಗುವುದಿಲ್ಲ. ನೋಡಬೇಕಾಗಿದ್ದದ್ದು ಟೌನ್ ಸರ್ವೆಯ ನೆಲದ ದಾಖಲೆ. ಅದರ ಒಂದು ನಕಲು ಸಾಕಾಗಿತ್ತು. ಇನ್ನೊಂದು ಮಾತು: ಮೂಲಪತ್ರಗಳನ್ನು ಸಾಲಗಾರನ ಕೈಗೆ ಕೊಟ್ಟೇ ಆಧಾರ ಮಾಡುವ ವ್ಯವಹಾರ ಮದರಾಸು, ಕಲ್ಕತ್ತ, ಬೊಂಬಾಯಿಗಳಲ್ಲಿ ಬಹುಕಾಲದಿಂದ ಕಾನೂನು ಒಪ್ಪಿದ್ದು. ಆದ್ದರಿಂದ ಮಾರುವವರು ನಕಲನ್ನು ಮಾತ್ರ ತೋರಿಸಿದರೆ, ಮೂಲವೆಲ್ಲಿ ಎಂದು ಕೇಳಲೇಬೇಕು.

ನೆಲದ ಕಥೆ ಹೀಗಾದರೆ ಸೂರಿನದು ಇನ್ನೊಂದು. ಐಪ್ಪಸಿಯ ಮಳೆಗೆ ಅಡಿಗೆಮನೆಯ ಮೂಲೆ ಸೋರಿತು. ಅದು ಮದ್ರಾಸ್ ಟೆರೇಸು: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆಚೂರಿನ ಗಚ್ಚು, ಅದರ ಮೇಲೆ ಚಪ್ಪಟೆ ಹೆಂಚು. ಹಿಂದಿನವರು ಬಿರುಕಿಗೆ ಸಿಮೆಂಟು ಬಳಿದಿದ್ದರು. ಮುದಿ ಮೇಸ್ತ್ರಿಯೊಬ್ಬರು ಅದನ್ನು ಕೆತ್ತಿ ತೋರಿಸಿ, "ಸುಣ್ಣ ಉಸಿರಾಡುತ್ತದೆ, ಸಿಮೆಂಟು ಅದರ ಬಾಯಿ ಕಟ್ಟುತ್ತದೆ" ಎಂದರು. ಒಳಗೆ ನಿಂತ ನೀರಿಗೆ ತೊಲೆಯ ತುದಿ, ಗೋಡೆಯೊಳಗೆ ಕಾಣದೆ ಹುದುಗಿದ ಭಾಗ, ಹಿಟ್ಟಾಗಿತ್ತು. ಅದು ಹುದುಗಿರುವುದು ಪಕ್ಕದ ಮನೆಯವರಿಗೂ ಸೇರಿದ ಜೋಡಿಗೋಡೆಯಲ್ಲಿ. ಅವರ ಒಪ್ಪಿಗೆಯಿಲ್ಲದೆ ಒಂದು ಇಟ್ಟಿಗೆ ಕೀಳುವಂತಿಲ್ಲ. ಆ ಮನೆಯ ಅಜ್ಜಿಗೆ ಗುಜರಾತಿ ಬಿಟ್ಟು ಬೇರೆ ಬಾರದು. ನನ್ನ ಮಗಳು ಅವರ ಮೊಮ್ಮಗಳೊಡನೆ ಶಾಲೆಗೆ ಹೋಗುತ್ತಾಳಾದ್ದರಿಂದ ಮಕ್ಕಳಿಬ್ಬರೂ ದುಭಾಷಿಗಳಾಗಿ ಒಪ್ಪಂದ ಮಾಡಿಸಿದರು. ವಕೀಲರಿಲ್ಲದೆ ನಡೆದ ಕೆಲಸ ಅದೊಂದೇ.

ಈಗಿನ ಸ್ಥಿತಿ ಹೀಗಿದೆ. ಹಿಂದಿನ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತಿದ್ದೇನೆ. ನನ್ನನ್ನೇ ಬಾಡಿಗೆದಾರನೆಂದು ದಾಖಲೆ ಮಾಡಬೇಕೆಂದು ಕೊಟ್ಟ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ರಸೀತಿ ಇವತ್ತಿಗೂ ಹಳೆಯ ಮಾಲಿಕರ ಹೆಸರಿನಲ್ಲಿಯೇ ಬರುತ್ತದೆ. ಬಾಡಿಗೆಯನ್ನು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರಂತೆ. ಬಳೆ ಇನ್ನೂ ಅಡವಿನಲ್ಲಿದೆ. ಮನೆಯವಳು ಅಂಗಳದಲ್ಲಿ ತುಳಸಿಯನ್ನು ನೆಲದಲ್ಲಿ ನೆಡದೆ ಡಬ್ಬದಲ್ಲಿ ನೆಟ್ಟಿದ್ದಾಳೆ. ಏಕೆಂದು ಕೇಳಿದ್ದಕ್ಕೆ "ಹೋಗುವಾಗ ಎತ್ತಿಕೊಂಡು ಹೋಗಬಹುದಲ್ಲ" ಎಂದಳು.

ನಮ್ಮ ಸಂಘದಲ್ಲಿ ತಮಿಳು ಪಂಡಿತರೊಬ್ಬರು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಇಲ್ಲಿ ಕುಳಿತು, ಕೊಳ್ಳುವವರ ಪತ್ರಗಳನ್ನು ಓದಿ ಅರ್ಥ ಹೇಳಲು ಒಪ್ಪಿದ್ದಾರೆ. ಕುರ್ಚಿ ಹಾಕಲು ನಾನಿರುತ್ತೇನೆ. ರುಜು ಮಾಡುವ ಮೊದಲು ತನ್ನಿ. ಮೂಲಪತ್ರ ಬೇಡ, ನಕಲು ಸಾಕು.