ಗಾಳಕ್ಕೆ ಮನೆಯ ಎರೆ



ಮುಂಗಾರಿನ ಬಿತ್ತಿಗೆ ಮುಗಿದು ಕೆರೆಗಳಿಗೆ ನೀರು ಬಂತೆಂದರೆ, ನಮ್ಮ ತಡಸ, ಶಿಗ್ಗಾವಿ, ಹಾನಗಲ್ಲ ಸೀಮೆಯಲ್ಲಿ ಒಂದು ನೋಟ ಕಾಣಸಿಗುತ್ತದೆ. ಬಿದಿರಿನ ಕೋಲು, ಒಂದಿಷ್ಟು ದಾರ, ಎರಡು ಗಾಳದ ಮುಳ್ಳು ಹಿಡಕೊಂಡು ಹುಡುಗರು ಕೆರೆಯ ಏರಿ ಹತ್ತಿ ಕೂಡುತ್ತಾರೆ. ಒಬ್ಬರನ್ನೊಬ್ಬರು ಮೊದಲು ಕೇಳುವ ಮಾತೇ, "ಎರೆ ಏನ್ ತಂದೀಯೋ?" ಎಂದು. ಇವತ್ತಿನ ನಮ್ಮ ಮಾತು ಆ ಎರೆಯದೇ. ಮೀನು ತಿನ್ನದ ಮನೆಯವರೂ ದಯಮಾಡಿ ಎದ್ದು ಹೋಗಬ್ಯಾಡ್ರಿ. ಕೆರೆಯ ನೀರು ಎಲ್ಲರದು, ಅದನ್ನು ಕುಡಿಯುವ ದನ ಎಲ್ಲರ ಮನೆಯದು. ಆದ್ದರಿಂದ ಈ ಮಾತು ನಿಮಗೂ ಸಂಬಂಧಪಟ್ಟದ್ದೇ.

ಎರೆಗಾಗಿ ಪೇಟೆಗೆ ಹೋಗಿ ರೊಕ್ಕ ಸುರಿಯುವ ಕಾರಣವಿಲ್ಲ. ಅಡುಗೆಮನೆಯಲ್ಲಿ, ಗ್ವಾದಲಿಯಲ್ಲಿ, ತಿಪ್ಪೆಯ ಬದಿಯಲ್ಲಿ ಇರುವುದೇ ಸಾಕು. ಆದರೆ ಮೂರು ಗುಣ ನೋಡಬೇಕು. ಆ ನೀರಿನ ಮೀನು ಅದನ್ನು ತಿನ್ನುವಂತಿರಬೇಕು. ನೀರಿನಲ್ಲಿ ಕರಗದೆ ಮುಳ್ಳಿಗೆ ಕಚ್ಚಿಕೊಂಡಿರಬೇಕು. ಮೂರನೆಯದು, ಅದರಲ್ಲಿ ವಿಷದ ಸೋಂಕು ಇರಬಾರದು. ಮೊದಲಿನ ಎರಡು ತಪ್ಪಿದರೆ ಮೀನು ಸಿಗಲಿಕ್ಕಿಲ್ಲ, ಅಷ್ಟೇ. ಮೂರನೆಯದು ತಪ್ಪಿದರೆ ಮನೆಯೇ ಕಷ್ಟಕ್ಕೆ ಸಿಕ್ಕೀತು.

ಮೊದಲು ಮೀನಿನ ಊಟದ ರೀತಿ ತಿಳಿಯೋಣ. ನಮ್ಮ ಕೆರೆಗಳಲ್ಲಿ ಮರಿ ಬಿಟ್ಟು ಸಾಕುವ ಕಟ್ಲಾ ಮೀನು ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ. ರೋಹು ನಡುಭಾಗದಲ್ಲಿ ಇರುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ತಿನ್ನುತ್ತವೆ. ಚೇಳುಮೀನು ಹೊತ್ತು ಮುಳುಗುವಾಗ ತಳದಲ್ಲಿ ಹುಳ ಹುಡುಕುತ್ತದೆ. ಅದಕ್ಕೇ ಎರೆ ಒಳ್ಳೆಯದಿದ್ದರೂ ಆಳ ತಪ್ಪಿದರೆ ಮೀನು ಮುಟ್ಟಲಾರದು. ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ, ಅದನ್ನು ಮೇಲೆ ಕೆಳಗೆ ಸರಿಸಿ ಆಳ ಹೊಂದಿಸಿಕೊಳ್ಳಿರಿ.

ಇನ್ನು ಎರೆ ಮಾಡುವ ಬಗೆ. ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕಲಿಸಿದರೆ ಅದು ಹಿಡಿದು ನಿಲ್ಲುವುದಿಲ್ಲ, ನೀರಿಗೆ ಬಿದ್ದ ಕೂಡಲೇ ಬಿಚ್ಚಿಹೋಗುತ್ತದೆ. ಇದು ರೊಟ್ಟಿ ಬಡಿಯುವ ತಾಯಂದಿರಿಗೆ ಗೊತ್ತಿದ್ದ ಮಾತೇ. ಕುದಿಯುವ ಎಸರು ಹಾಕಿ ನಾದಿದರೆ ಹಿಟ್ಟಿಗೆ ಅಂಟು ಬರುತ್ತದೆ. ಒಂದು ಹಿಡಿ ಹಿಟ್ಟಿಗೆ ಹತ್ತಿಯ ನಾಲ್ಕೆಂಟು ಎಳೆ ಬಿಡಿಸಿ ಸೇರಿಸಿ ನಾದಿರಿ. ಗೋಡೆಯ ಮಣ್ಣಿಗೆ ಹೊಟ್ಟು ಕೂಡಿಸಿದಂತೆ, ಆ ಎಳೆ ಹಿಟ್ಟನ್ನು ಹಿಡಿದಿಡುತ್ತದೆ. ಗೋದಿ ಹಿಟ್ಟಿಗೆ ತನ್ನದೇ ಜಿಗುಟು ಇದೆ, ಅದಕ್ಕೆ ತಣ್ಣೀರೇ ಸಾಕು. ಕಡಲೆಕಾಳಿನಷ್ಟು ಉಂಡೆ ಮಾಡಿ ಮುಳ್ಳಿನ ಮೊನೆ ಮುಚ್ಚುವಂತೆ ಒತ್ತಿರಿ. ಉಳಿದದ್ದನ್ನು ಹಸಿ ಬಟ್ಟೆಯಲ್ಲಿ ಸುತ್ತಿಡಿರಿ.

ಎರಡನೆಯದು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು. ಇವೆರಡನ್ನು ಸಮಪಾಲು ಕೂಡಿಸಿ ಮೀನು ಸಾಕುವವರು ಹೊಂಡಗಳಲ್ಲಿ ಮೀನಿಗೆ ತಿನ್ನಿಸುವ ಪದ್ಧತಿಯೇ ಇದೆ. ಅಂದಮೇಲೆ ಸಾಕಿದ ಗೆಂಡೆ ಜಾತಿಗೆ ಇದರ ವಾಸನೆ ಪರಿಚಿತ. ಇದು ಉದುರುವ ಗುಣದ್ದು. ಆದ್ದರಿಂದ ಸ್ವಲ್ಪ ಗೋದಿ ಹಿಟ್ಟನ್ನೋ ತಂಗಳ ಅನ್ನವನ್ನೋ ಸೇರಿಸಿ ಹಿಸುಕಿರಿ.

ಮೂರನೆಯದು ಗೋವಿನಜೋಳ. ತಿನ್ನಲಿಕ್ಕೆ ಇಟ್ಟ ಕಾಳನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಉಗುರು ಇಳಿಯುವಷ್ಟು ಕುದಿಸಿರಿ. ಒಂದೊಂದೇ ಕಾಳು ಮುಳ್ಳಿಗೆ ಸಿಕ್ಕಿಸಿರಿ. ಸಣ್ಣ ಮೀನು ಇದನ್ನು ಕಿತ್ತುಕೊಂಡು ಹೋಗಲಾರವು, ದೊಡ್ಡ ಗೆಂಡೆ ನುಂಗುತ್ತದೆ.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಎರೆಹುಳ. ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ, ಹಳೆಯ ತಿಪ್ಪೆಯ ಅಂಚಿನಲ್ಲಿ ಸಿಗುತ್ತದೆ. ಬೇಕಾದ ಹತ್ತು ಹುಳ ಮಾತ್ರ ತೆಗೆದು ಹಸಿ ಮಣ್ಣು ಮುಚ್ಚಿರಿ. ಅದು ಭೂಮಿಯ ಒಕ್ಕಲಿಗ, ಬುಟ್ಟಿಗಟ್ಟಲೆ ತೆಗೆಯಬ್ಯಾಡ್ರಿ. ಚೇಳುಮೀನು ಸಿಕ್ಕಿತೆಂದರೆ ಹುಷಾರು. ಅದರ ಪಕ್ಕೆಯ ಮುಳ್ಳಿನಲ್ಲಿ ನಂಜಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟು, ಆಮೇಲೆ ದವಾಖಾನೆಗೆ ಹೋಗಿರಿ.

ಮಳೆಯ ಕೆಂಪು ನೀರಿನಲ್ಲಿ ಮೀನಿಗೆ ಕಣ್ಣು ಅಷ್ಟಾಗಿ ಸಾಗುವುದಿಲ್ಲ, ಮೂಗು ಮತ್ತು ಮೀಸೆಯೇ ದಾರಿ ತೋರಿಸಬೇಕು. ಗೆಂಡೆಯ ಮೀಸೆಗೆ, ಚೇಳುಮೀನಿನ ಮೀಸೆಗೆ ರುಚಿ ತಿಳಿಯುವ ಶಕ್ತಿ ಇದೆ. ಅದಕ್ಕೇ ಹಿಟ್ಟಿಗೆ ಜಜ್ಜಿದ ಬಳ್ಳೊಳ್ಳಿಯ ಒಂದು ಎಸಳು, ಇಲ್ಲವೆ ಚಿಟಿಕೆ ಇಂಗು, ಇಲ್ಲವೆ ಚೂರು ಬೆಲ್ಲ ಸೇರಿಸುವ ರೂಢಿ. ಯಾವುದಾದರೂ ಒಂದು ಸಾಕು. ಮೀನು ಕೂಡಲಿ ಎಂದು ಬೊಗಸೆ ಬೊಗಸೆ ಹಿಟ್ಟು ನೀರಿಗೆ ಚೆಲ್ಲುವವರಿದ್ದಾರೆ. ಆ ಹಿಟ್ಟು ತಳದಲ್ಲಿ ಕೊಳೆತರೆ ನೀರಿನಲ್ಲಿಯ ಪ್ರಾಣವಾಯು ಕಡಿಮೆಯಾಗುತ್ತದೆ. ಒಂದು ಚಿಟಿಕೆ ಉದುರಿಸಿರಿ, ಸಾಕು.

ಇದೆಲ್ಲ ಹೊಸ ವಿದ್ಯೆ ಅಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಮೀನಿನ ಜಾತಿ, ಅವುಗಳಿಗೆ ಒಗ್ಗುವ ತಿನಿಸು, ಗಾಳ ಹಾಕುವ ಬಗೆ ಅಲ್ಲಿ ಬಂದಿವೆ. ನಮ್ಮ ಹಾನಗಲ್ಲಿನ ಕದಂಬರು ಆ ಚಾಲುಕ್ಯರ ಸಾಮಂತರು. ಅತ್ತ ಇಂಗ್ಲೆಂಡಿನಲ್ಲಿ 1653ರಲ್ಲಿ ಐಸಾಕ್ ವಾಲ್ಟನ್ ಎಂಬಾತ ಗಾಳದ ಬಗ್ಗೆ ಪುಸ್ತಕ ಬರೆದ. ಎರೆಯ ಹಿಟ್ಟು ಮುಳ್ಳಿಗೆ ಹಿಡಿಯಲೆಂದು ಉಣ್ಣೆಯ ಎಳೆ ಕೂಡಿಸಲು ಹೇಳಿದ. ಅವರಿಗೆ ಉಣ್ಣೆ, ನಮಗೆ ಹತ್ತಿ. ಮನೆಯಲ್ಲಿ ಇದ್ದದ್ದರಿಂದ ಕೆಲಸ ಸಾಧಿಸುವ ಬುದ್ಧಿ ಎಲ್ಲ ಕಡೆಗೂ ಒಂದೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಿತ್ತಿಗೆ ಮುಗಿದ ಮನೆಯಲ್ಲಿ ಬೀಜದ ಚೀಲದ ತಳಕ್ಕೆ ಒಂದಿಷ್ಟು ಗೋವಿನಜೋಳ ಉಳಿದಿರುತ್ತದೆ. ಕೆಂಪಗೋ ಗುಲಾಬಿಯಾಗಿಯೋ ಹಸಿರಾಗಿಯೋ ಇರುತ್ತದೆ. ಆ ಬಣ್ಣ ಚೆಂದಕ್ಕೆ ಹಚ್ಚಿದ್ದಲ್ಲ. ಬೀಜಕ್ಕೆ ಔಷಧ ಲೇಪಿಸಿದೆ, ತಿನ್ನಬೇಡಿ ಎಂಬ ಗುರುತು ಅದು. ಹುಡುಗರು ಅದನ್ನೇ ಹಿಡಿ ತುಂಬ ಒಯ್ದು ಎರೆ ಮಾಡಿದರೆ ಅವರ ಕೈಗೂ ವಿಷ, ಮೀನಿಗೂ ವಿಷ. ತೊಳೆದರೆ ಹೋದೀತು ಎಂದು ನಂಬಬ್ಯಾಡ್ರಿ. ಉಳಿದ ಬೀಜವನ್ನು ಮಕ್ಕಳ ಕೈಗೆ ಎಟುಕದಂತೆ ಕಟ್ಟಿಡಿರಿ. ಔಷಧ ಅಳೆದ ಡಬ್ಬಿ, ಕಲಿಸಿದ ಬುಟ್ಟಿಯಲ್ಲಿ ಎರೆಯ ಹಿಟ್ಟು ನಾದಬೇಡಿ.

ಇನ್ನೂ ಕೆಟ್ಟದ್ದೊಂದಿದೆ. ಗಾಳ ಹಿಡಿದು ಕೂಡುವ ತಾಳ್ಮೆ ಇಲ್ಲದವರು ಬೆಳೆಗೆ ಹೊಡೆಯುವ ಔಷಧವನ್ನೇ ನೀರಿಗೆ ಸುರಿಯುತ್ತಾರೆ, ಇಲ್ಲವೆ ಸಿಡಿಮದ್ದು ಹಾಕುತ್ತಾರೆ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಬಹಳ ಸಣ್ಣ ಪ್ರಮಾಣದಲ್ಲಿಯೇ ಮೀನನ್ನು ಕೊಲ್ಲುತ್ತದೆ. ಬೇಕಾದದ್ದು ನಾಲ್ಕು ಮೀನು, ಸಾಯುವುದು ಮರಿಯ ಸಹಿತ ಇಡೀ ಕೆರೆ. ಸತ್ತು ತೇಲಿದ ಮೀನು ಅಡುಗೆಮನೆಗೆ ಬರುತ್ತದೆ, ಅದೇ ನೀರು ಎತ್ತಿನ ಹೊಟ್ಟೆಗೆ ಹೋಗುತ್ತದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು. ಇಂದಿಗೂ ಅದು ಅಪರಾಧವೇ. ಕಾರಣ ತಿಳಿಯದೆ ಸತ್ತು ತೇಲಿದ ಮೀನನ್ನು ಯಾರೇ ಕೊಟ್ಟರೂ ಮನೆಗೆ ತರಬ್ಯಾಡ್ರಿ.

ನೆನಪಿಗೆ ಸುಲಭವಾಗುವ ಒಂದು ಕಟ್ಟಳೆ ಹೇಳುತ್ತೇನೆ. ಎರೆಹುಳದ ಮಾತು ಬೇರೆ. ಉಳಿದ ಯಾವ ಎರೆಯೇ ಇರಲಿ, "ಇದನ್ನು ನಮ್ಮ ಆಕಳ ಮುಂದೆ ಇಡಬಹುದೇ?" ಎಂದು ಕೇಳಿಕೊಳ್ಳಿರಿ. ರೊಟ್ಟಿ, ಹಿಂಡಿ, ತೌಡು, ಕುದಿಸಿದ ಕಾಳು, ಎಲ್ಲವನ್ನೂ ಇಡಬಹುದು. ಬಣ್ಣದ ಬೀಜವನ್ನು ಇಡಲಿಕ್ಕೆ ಕೈ ಬರುವುದಿಲ್ಲ. ಆಕಳ ಮುಂದೆ ಇಡಲಾಗದ್ದನ್ನು ಕೆರೆಗೂ ಹಾಕಬೇಡಿರಿ.

ಕೊನೆಗೆ ಎರಡು ಮಾತು. ಕೆರೆಯ ಮೀನನ್ನು ಗುತ್ತಿಗೆ ಕೊಟ್ಟಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಬೇಕು. ಮರಿಗೆ ರೊಕ್ಕ ಹಾಕಿದವರು ಅವರು. ಹೊಸ ನೀರಿಗೆ ಹಳ್ಳ ಏರಿ ಬರುವ ಮೀನಿನ ಹೊಟ್ಟೆಯಲ್ಲಿ ತತ್ತಿ ಇರುತ್ತದೆ. ಅಂಥದು ಸಿಕ್ಕರೆ ಮೆಲ್ಲಗೆ ಬಿಡಿಸಿ ನೀರಿಗೆ ಬಿಡಿರಿ, ಅದು ಬರುವ ವರ್ಷದ ಬೀಜ. ಹರಿದ ದಾರ, ಮುರಿದ ಮುಳ್ಳನ್ನು ಏರಿಯ ಹುಲ್ಲಿನಲ್ಲಿ ಬಿಟ್ಟು ಬರಬೇಡಿರಿ. ಮೇಯುವ ದನ ಅದನ್ನು ಹುಲ್ಲಿನೊಂದಿಗೆ ನುಂಗೀತು.

ಈ ಭಾನುವಾರ ಮಕ್ಕಳು ಕೆರೆಗೆ ಹೊರಟರೆ ಬರಿಗೈಲೆ ಕಳಿಸಬೇಡಿ. ನೀವೇ ಎಸರು ಹಾಕಿ ಒಂದು ಮುಷ್ಟಿ ಹಿಟ್ಟು ನಾದಿ ಕೊಡಿರಿ, ಜೊತೆಗೆ ದೊಡ್ಡವರೊಬ್ಬರನ್ನು ಕಳಿಸಿರಿ. ಆಗ ಬೀಜದ ಚೀಲಕ್ಕೆ ಅವರು ಕೈ ಹಾಕುವ ಪ್ರಸಂಗ ಬರುವುದಿಲ್ಲ.