ಉಮೇದುವಾರರ ಆಯ್ಕೆ



ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ಗಡಿನಾಡಿನ ಸಮಿತಿಗಳಲ್ಲಿ ಒಂದೇ ಬಗೆಯ ವಾದವೇಳುತ್ತದೆ. ಒಬ್ಬರನ್ನು ಕುರಿತು ಹಿರಿಯರು “ಇವರು ಗೆದ್ದು ಬರಬಲ್ಲವರು” ಎನ್ನುತ್ತಾರೆ. ಇನ್ನೊಬ್ಬರ ಹೆಸರೆತ್ತಿದೊಡನೆ ತರುಣರ ಮುಖ ಅರಳುತ್ತದೆ. ಇವರಲ್ಲಿ ಯಾರನ್ನು ನಿಲ್ಲಿಸತಕ್ಕದ್ದು?

ಮಂಜೇಶ್ವರದ ಚರಿತ್ರೆಯನ್ನೇ ನೋಡೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಆ ನೋವು ಆರುವ ಮೊದಲೇ ಬಂದ 1957ರ ಚುನಾವಣೆಯಲ್ಲಿ ಎಂ. ಉಮೇಶ ರಾಯರು ಪಕ್ಷೇತರರಾಗಿ, ಅವಿರೋಧವಾಗಿ ವಿಧಾನಸಭೆಗೆ ಆರಿಸಿಬಂದರು. 1960ರಲ್ಲಿಯೂ 1967ರಲ್ಲಿಯೂ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಗೆಲ್ಲಬಲ್ಲವರು ಬೇರೆ, ಜನ ಮೆಚ್ಚಿದವರು ಬೇರೆ ಎಂಬ ಭೇದ ಆಗ ಇರಲಿಲ್ಲವೆಂದೇ ನಮ್ಮ ಭಾವನೆ. 1970ರಿಂದೀಚೆಗೆ ಆ ಸ್ಥಾನ ರಾಜಕೀಯ ಪಕ್ಷಗಳ ಪಾಲಾಯಿತು, ಭೇದವೂ ಹುಟ್ಟಿಕೊಂಡಿತು.

ಹಾಗೆಂದು ಕೇವಲ ಉತ್ಸಾಹವನ್ನು ನಂಬಲಾಗದು. ಅಮೆರಿಕದಲ್ಲಿ ಪಕ್ಷದ ಮತದಾರರೇ ಮೊದಲು ಮತ ಹಾಕಿ ತಮ್ಮ ಉಮೇದುವಾರರನ್ನು ಆರಿಸುವ ಪದ್ಧತಿಯಿದೆ. 1972ರಲ್ಲಿ ವಿಯೆಟ್ನಾಂ ಯುದ್ಧದ ವಿರೋಧಿಗಳಾದ ತರುಣರು ಜಾರ್ಜ್ ಮೆಕ್‌ಗವರ್ನ್ ಅವರನ್ನು ಬಹಳ ಹುರುಪಿನಿಂದ ಮುಂದೆ ತಂದರು. ಅಧ್ಯಕ್ಷ ಚುನಾವಣೆಯಲ್ಲಿ 50 ಸಂಸ್ಥಾನಗಳ ಪೈಕಿ 49ರಲ್ಲಿ ಅವರು ಸೋತರು. ಸಭೆಯಲ್ಲಿ ಕಂಡ ಹುರುಪು ಊರಿನಲ್ಲೆಲ್ಲ ಇರುತ್ತದೆಂದು ಭಾವಿಸಬಾರದು. ನಮ್ಮ ಮತದಾರರಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನವರಿದ್ದಾರೆ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವವರಲ್ಲಿ ಅವರೂ ಸೇರಿದ್ದಾರೆ. ಮಲಯಾಳವನ್ನು ನಿಂದಿಸಿ ಚಪ್ಪಾಳೆ ಗಿಟ್ಟಿಸುವವರು ಈ ನೆರೆಹೊರೆಯವರನ್ನು ಕಳೆದುಕೊಳ್ಳುತ್ತಾರೆ.

“ಗೆಲ್ಲಬಲ್ಲವರು” ಎಂಬ ಮಾತಿಗಾದರೂ ಆಧಾರವೇನು? ಬಹುಮಟ್ಟಿಗೆ ಜಾತಿಯ ಲೆಕ್ಕ, ಹಣದ ಲೆಕ್ಕ. ಮಂಗಳೂರಿನಲ್ಲಿಯೋ ಮುಂಬಯಿಯ ಹೋಟೆಲಿನಲ್ಲಿಯೋ ದುಡಿಯುತ್ತಿರುವ ಹುಡುಗ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ತಾನೇ ಕೊಟ್ಟು ಊರಿಗೆ ಬಂದು ಮತ ಹಾಕುವನೇ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. 2016ರಲ್ಲಿ ಇದೇ ಮಂಜೇಶ್ವರದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮತಗಳು ಬಿದ್ದವು. ಸೋಲು ಗೆಲುವಿನ ಅಂತರ ಕೇವಲ 89. ಎರಡು ಬಸ್ಸಿನ ಜನ!

ಆದುದರಿಂದ ಹೆಸರನ್ನು ಇಂದೇ ತೀರ್ಮಾನಿಸುವುದು ಬೇಡವೆಂದು ನಮ್ಮ ವಿನಂತಿ. ಮತದಾರರ ಪಟ್ಟಿಯನ್ನು ಹಿಡಿದು, ಎರಡೂ ಕಡೆಯವರು ಜೊತೆಯಾಗಿ, ಒಂದೊಂದು ಮನೆಗೂ ಹೋಗೋಣ. ನಮ್ಮವರ ಮನೆಗಷ್ಟೇ ಅಲ್ಲ, ನಮಗೆ ಎಂದೂ ಮತ ಕೊಡದವರ ಮನೆಗೂ ಹೋಗೋಣ. ಯಾರ ಹೆಸರಿಗೆ ಪರವೂರಿನ ಮಗನನ್ನು ಕರೆಸುತ್ತೇವೆಂದರು, ಯಾರ ಹೆಸರಿಗೆ ಬಾಗಿಲು ಮುಚ್ಚಿದರು ಎಂಬುದನ್ನು ಬರೆದುಕೊಳ್ಳೋಣ. ಆಯ್ಕೆಯಾಗದೆ ಉಳಿದವರು ಬೇರೆಯಾಗಿ ನಾಮಪತ್ರ ಸಲ್ಲಿಸುವುದಿಲ್ಲವೆಂದು ಈಗಲೇ, ಈ ಸಭೆಯಲ್ಲಿಯೇ ಮಾತು ಕೊಡಲಿ. ಹೆಸರಿನ ಪ್ರಶ್ನೆಯನ್ನು ಆ ಪಟ್ಟಿ ಕೈಸೇರಿದ ಮೇಲೆ ಎತ್ತಿಕೊಳ್ಳೋಣ.